ಎರಡು ವರ್ಷಕ್ಕೆಂದು ಹೋದ ಟೈಡಿ

ನೆಲದಿಂದ ನೂರು ಕಿಲೋಮೀಟರ್ ಮೇಲೂ ಗಾಳಿ ಬೀಸುತ್ತದೆ. ಒಮ್ಮೊಮ್ಮೆ ಸೆಕೆಂಡಿಗೆ ನೂರು ಮೀಟರ್ ವೇಗದಲ್ಲಿ. ಹವಾಮಾನ ಬಲೂನು ಅಷ್ಟೆತ್ತರ ಏರದು. ಉಪಗ್ರಹ ಅಷ್ಟು ಕೆಳಗಿಳಿದರೆ ಉಳಿಯದು. ರಾಕೆಟ್ ಹಾರಿಸಿದರೆ ಸಿಗುವುದು ಕೆಲವೇ ನಿಮಿಷಗಳ ಮಾಹಿತಿ. ಈ ಕೊರತೆ ನೀಗಲು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು ಕಟ್ಟಿದ ಉಪಕರಣವೇ ‘ಟೈಡಿ’. ನಾಸಾದ ‘ಟೈಮ್ಡ್’ ಉಪಗ್ರಹದಲ್ಲಿ ಕುಳಿತು 2001ರ ಡಿಸೆಂಬರ್ 7ರಂದು ಕ್ಯಾಲಿಫೋರ್ನಿಯಾದಿಂದ ಹೊರಟ ಅದು 625 ಕಿ.ಮೀ. ಎತ್ತರದ ಕಕ್ಷೆ ಸೇರಿತು.

ಟೈಡಿ ಗಾಳಿಯನ್ನು ಮುಟ್ಟುವುದಿಲ್ಲ, ನೋಡುತ್ತದೆ. ಆ ಎತ್ತರದ ಆಮ್ಲಜನಕದ ಅಣುಗಳು 762 ನ್ಯಾನೊಮೀಟರ್ ಆಸುಪಾಸಿನ ಕಡುಗೆಂಪು ಬೆಳಕನ್ನು ಸೂಸುತ್ತವೆ. ಅಣುಗಳು ಗಾಳಿಯೊಡನೆ ಸಾಗಿದಾಗ ಆ ಬೆಳಕಿನ ತರಂಗಾಂತರ ತುಸು ಸರಿಯುತ್ತದೆ. ಎಷ್ಟು ತುಸು? ಸೆಕೆಂಡಿಗೆ ಹತ್ತು ಮೀಟರ್ ಗಾಳಿಗೆ ಹತ್ತು ಕೋಟಿಯಲ್ಲಿ ಮೂರು ಪಾಲು! ಉಪಗ್ರಹದ ಎರಡೂ ಪಕ್ಕದಲ್ಲಿರುವ ನಾಲ್ಕು ದೂರದರ್ಶಕಗಳು ಬೆಳಕನ್ನು ಹಿಡಿದರೆ, ಫ್ಯಾಬ್ರಿ-ಪೆರೋ ಎಂಬ ಜೋಡಿ ಗಾಜಿನ ಸಾಧನ ಆ ಪಲ್ಲಟವನ್ನು ಪತ್ತೆ ಮಾಡುತ್ತದೆ. ಒಂದೇ ಜಾಗವನ್ನು ಮುಂದಿನ ದೂರದರ್ಶಕ ಮೊದಲು, ಹಿಂದಿನದು ಕೆಲ ನಿಮಿಷಗಳ ನಂತರ ಬೇರೆ ಕೋನದಿಂದ ನೋಡುವುದರಿಂದ ಗಾಳಿಯ ದಿಕ್ಕೂ ತಿಳಿಯುತ್ತದೆ. ಉಪಗ್ರಹವೇ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುತ್ತಿರುತ್ತದಲ್ಲ, ಆ ಓಟದ ಪ್ರಭಾವವನ್ನೂ ಕಳೆಯಬೇಕು.

ಆರಂಭವೇ ಸುಗಮವಾಗಿರಲಿಲ್ಲ. ಬೇಡದ ಬೆಳಕು ಒಳಗೆ ನುಸುಳಿತು. ತಣ್ಣಗಿದ್ದ ಭಾಗಗಳ ಮೇಲೆ ಹಿಮ ಕಟ್ಟಿ, ಬರಬೇಕಾದ ಬೆಳಕು ಮಸುಕಾಯಿತು. 2003ರಲ್ಲಿ ಇಡೀ ಉಪಗ್ರಹವನ್ನೇ ಹೊರಳಿಸಿ, ಉಪಕರಣವನ್ನು ಬಿಸಿಲಿಗೊಡ್ಡಿ ಹಿಮದ ಬಹುಪಾಲನ್ನು ಕಳೆದರು. ಕೈಗೆಟುಕದ ಯಂತ್ರಕ್ಕೆ ನೆಲದಿಂದಲೇ ಮಾಡಿದ ಈ ಆರೈಕೆ ನನಗೆ ಉಡಾವಣೆಗಿಂತ ದೊಡ್ಡ ಸಾಹಸವಾಗಿ ಕಾಣುತ್ತದೆ.

ಎರಡು ವರ್ಷಕ್ಕೆಂದು ಯೋಜಿಸಿದ್ದ ಟೈಮ್ಡ್ ಎರಡು ದಶಕ ದಾಟಿಯೂ ದುಡಿಯಿತು. ಸೂರ್ಯನ ಚಟುವಟಿಕೆಯ ಏರಿಳಿತಕ್ಕೆ ಸುಮಾರು 11 ವರ್ಷ ಬೇಕು. ಆ ಏರಿಳಿತ ಮೇಲಿನ ಗಾಳಿಯನ್ನು ಹೇಗೆ ಬದಲಿಸುತ್ತದೆಂದು ತಿಳಿಯಲು ಎರಡು ವರ್ಷದ ಅಳತೆ ಸಾಲುವುದಿಲ್ಲ. ಆದರೆ ದೀರ್ಘ ಅಳತೆಗೊಂದು ತೊಡಕಿದೆ: ಬದಲಾಗಿದ್ದು ಗಾಳಿಯೋ, ಮುಪ್ಪಾದ ಉಪಕರಣವೋ? ಅದಕ್ಕೇ ಉಪಕರಣದೊಳಗಿನ ದೀಪದ ಬೆಳಕನ್ನು ಆಗಾಗ ಅಳೆದು, ಗಾಳಿ ಶೂನ್ಯವಾದಾಗ ತರಂಗಾಂತರದ ಗುರುತು ಎಲ್ಲಿರಬೇಕೆಂದು ಮತ್ತೆ ಮತ್ತೆ ನಿಗದಿ ಮಾಡಬೇಕಾಗುತ್ತದೆ. ಹೆಸರು ತರದ ಈ ಕೆಲಸವಿಲ್ಲದೆ ಇಪ್ಪತ್ತು ವರ್ಷದ ಅಂಕಿಗಳಿಗೆ ಬೆಲೆಯಿಲ್ಲ.

ಟೈಡಿಯ ಮಾಹಿತಿ ಎಲ್ಲರಿಗೂ ಮುಕ್ತ. ನಮ್ಮ ಕಾಲೇಜುಗಳ ಭೌತಶಾಸ್ತ್ರದ ಮೇಷ್ಟರುಗಳು ಅದನ್ನು ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಬಳಸಿಕೊಳ್ಳಲಿ.