ಒಳಕೋಣೆಯ ಮಾತು, ಹೊರಗೆ ಕೂತ ಊರು

ಶನಿವಾರ ಬಂತೆಂದರೆ ಪಾವಗಡದಲ್ಲಿ ಜಾತ್ರೆಯ ಗದ್ದಲ. ಶನಿಮಹಾತ್ಮನ ದರ್ಶನಕ್ಕೆ ಕರ್ನಾಟಕದ ಕಡೆಯಿಂದಲೂ ಆಂಧ್ರದ ಕಡೆಯಿಂದಲೂ ಬಸ್ಸುಗಳು ಬಂದು ನಿಲ್ಲುತ್ತವೆ. ದರ್ಶನ ಮುಗಿಸಿದವರು ಹೋಟೆಲಿನ ಬೆಂಚಿನ ಮೇಲೆ ಕೂತರೆ, ಕಾಫಿಗಿಂತ ಮೊದಲು ಬರುವುದು ರಾಜಕೀಯ. ಅರ್ಧ ಕನ್ನಡ, ಅರ್ಧ ತೆಲುಗು. ‘ಒಳಗಿನ ಸುದ್ದಿ ಏನಂತೆ?’ ಎಂಬ ಪ್ರಶ್ನೆ ಮಾತ್ರ ಎರಡೂ ಭಾಷೆಗೆ ಸಮಾನ.

ಪ್ರಶ್ನೆ ಹುಟ್ಟುವುದಕ್ಕೆ ಕಾರಣವಿದೆ. ಭೂಪಟ ನೋಡಿದರೆ ಪಾವಗಡ ತಾಲ್ಲೂಕು ಆಂಧ್ರದೊಳಗೆ ಚಾಚಿಕೊಂಡ ನಡುಗಡ್ಡೆಯಂತೆ ಕಾಣುತ್ತದೆ. ವಿಧಾನಸೌಧ ದೂರ, ದೆಹಲಿ ಇನ್ನೂ ದೂರ. ಈ ಊರಿನ ನೀರು, ನೆಲ, ರಸ್ತೆಯ ತೀರ್ಮಾನಗಳು ಯಾವುದೋ ಮುಚ್ಚಿದ ಕೋಣೆಯಲ್ಲಿ ಆಗುತ್ತವೆ. ಆ ಕೋಣೆಯಲ್ಲಿ ಯಾರು ಯಾರಿಗೆ ಏನೆಂದರು ಎಂಬುದು ಊರಿಗೆ ತಲುಪುವುದು ಕೊನೆಗೆ; ತಲುಪಿದಾಗಲೂ ಅರ್ಧ ನಿಜ, ಅರ್ಧ ಉಪ್ಪುಖಾರ.

ಗೋಡೆಗೂ ಕಿವಿಯಿದೆ ಎಂಬ ಗಾದೆ ಹಳೆಯದು. ಗೋಡೆಗೆ ಯಂತ್ರದ ಕಿವಿ ಬಂದದ್ದು ಕಳೆದ ಶತಮಾನದಲ್ಲಿ. ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ 1971ರಲ್ಲಿ ತಮ್ಮದೇ ಕಚೇರಿಯಲ್ಲಿ ಮಾತುಗಳು ತಾನಾಗಿ ದಾಖಲಾಗುವ ವ್ಯವಸ್ಥೆ ಮಾಡಿಸಿದರು. 1973ರ ಜುಲೈನಲ್ಲಿ ಅವರ ಸಹಾಯಕರಾಗಿದ್ದ ಅಲೆಕ್ಸಾಂಡರ್ ಬಟರ್‌ಫೀಲ್ಡ್ ಈ ಗುಟ್ಟನ್ನು ಸೆನೆಟ್ ಸಮಿತಿಯ ಮುಂದೆ ಹೇಳಿಬಿಟ್ಟರು. ಟೇಪುಗಳನ್ನು ಒಪ್ಪಿಸಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟು 1974ರ ಜುಲೈ 24ರಂದು ಆದೇಶಿಸಿತು. ಆಗಸ್ಟ್ 9ರಂದು ನಿಕ್ಸನ್ ಕುರ್ಚಿ ಬಿಟ್ಟರು. ತಮ್ಮ ಮಾತನ್ನು ತಾವೇ ಹಿಡಿದಿಟ್ಟು, ಆ ಮಾತಿಗೇ ಸಿಕ್ಕಿಬಿದ್ದ ಕಥೆ ಅದು. 1971ರಲ್ಲಿ ಇಂದಿರಾ ಗಾಂಧಿಯವರ ಬಗ್ಗೆ ಅವರು ಖಾಸಗಿಯಾಗಿ ಆಡಿದ್ದ ಕೀಳು ಮಾತುಗಳು ಭಾರತೀಯರಿಗೆ ಗೊತ್ತಾದದ್ದು 2005ರಲ್ಲಿ, ಮೂವತ್ತನಾಲ್ಕು ವರ್ಷಗಳ ನಂತರ.

ಬೆಂಗಳೂರಿನ ಟೆಲಿಫೋನು

ಕರ್ನಾಟಕಕ್ಕೆ ಈ ರೋಗ ತಟ್ಟಿದ್ದು 1988ರಲ್ಲಿ. ಮೌಲ್ಯಾಧಾರಿತ ರಾಜಕಾರಣದ ಮಾತಾಡಿ ದೇಶದ ಗಮನ ಸೆಳೆದಿದ್ದ ರಾಮಕೃಷ್ಣ ಹೆಗಡೆಯವರ ಸರ್ಕಾರದ ಮೇಲೆ ಟೆಲಿಫೋನ್ ಕದ್ದಾಲಿಕೆಯ ಆರೋಪ ಬಂತು. ಸುಮಾರು ಐವತ್ತು ಮಂದಿಯ ಫೋನುಗಳಿಗೆ ಕಿವಿಗೊಡಲಾಗಿತ್ತೆಂಬುದು ಆರೋಪ. ಪಟ್ಟಿಯಲ್ಲಿ ವಿರೋಧಿಗಳಷ್ಟೇ ಅಲ್ಲ, ಸ್ವಪಕ್ಷದವರೂ ಇದ್ದರು. ತಮಗೆ ತಿಳಿಯದೆ ನಡೆದದ್ದು ಎಂದ ಹೆಗಡೆಯವರು ಆಗಸ್ಟ್ 10ರಂದು ರಾಜೀನಾಮೆ ಕೊಟ್ಟರು. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು.

ಕದ್ದಾಲಿಕೆಗೆ ಲಗಾಮು ಹಾಕಿದ್ದು ಸುಪ್ರೀಂ ಕೋರ್ಟು. ಪಿಯುಸಿಎಲ್ ಸಂಸ್ಥೆಯ ಅರ್ಜಿಯ ಮೇಲೆ 1996ರ ಡಿಸೆಂಬರ್ 18ರಂದು ಬಂದ ತೀರ್ಪು ಮೂರು ಮಾತು ಹೇಳಿತು: ಫೋನಿನ ಮಾತು ಖಾಸಗಿತನದ ಹಕ್ಕಿಗೆ ಸೇರಿದ್ದು, ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಆದೇಶವನ್ನು ಸಮಿತಿಯೊಂದು ಪರಿಶೀಲಿಸಬೇಕು. ಅಲ್ಲಿಯವರೆಗೆ 1885ರ ಟೆಲಿಗ್ರಾಫ್ ಕಾಯ್ದೆಯೊಂದೇ ಗತಿಯಾಗಿತ್ತು.

ಗಡಿಯಾಚೆಯ ಆಟ ಇನ್ನೂ ರಂಜನೀಯ. ಮಧುಗಿರಿಯ ಗಡಿ ದಾಟಿದರೆ ಸಿಗುವ ಹಿಂದೂಪುರ ಎನ್.ಟಿ. ರಾಮರಾಯರ ಕ್ಷೇತ್ರ. 1985, 1989, 1994ರಲ್ಲಿ ಅವರು ಅಲ್ಲಿಂದಲೇ ಗೆದ್ದರು. ಪರದೆಯ ಮೇಲೆ ಕೃಷ್ಣ, ರಾಮನಾಗಿ ಕಂಡವರು ಮುಖ್ಯಮಂತ್ರಿಯಾದದ್ದನ್ನು ಪಾವಗಡದ ತೆಲುಗು ಮಾತಿನ ಮನೆಗಳು ಸಂಭ್ರಮದಿಂದ ನೋಡಿದ್ದವು. 1995ರ ಆಗಸ್ಟ್‌ನಲ್ಲಿ ಅವರದೇ ಶಾಸಕರು ಹೈದರಾಬಾದಿನ ವೈಸ್‌ರಾಯ್ ಹೋಟೆಲಿನಲ್ಲಿ ಬಾಗಿಲು ಹಾಕಿಕೊಂಡು ಕೂತರು. ಸೆಪ್ಟೆಂಬರ್ 1ರಂದು ಅಳಿಯ ಚಂದ್ರಬಾಬು ನಾಯ್ಡು ಮುಖ್ಯಮಂತ್ರಿ! ಲಕ್ಷಾಂತರ ಜನ ಮೈದಾನದಲ್ಲಿ ಕೊಟ್ಟದ್ದನ್ನು ಹೋಟೆಲಿನ ಕೆಲವು ಕೋಣೆಗಳು ಕಿತ್ತುಕೊಂಡವು. ಜನಪ್ರಿಯತೆ ಬೇರೆ, ಅಧಿಕಾರ ಬೇರೆ ಎಂಬ ಪಾಠವನ್ನು ಗಡಿಯ ಜನ ಕಲಿತದ್ದು ಹೀಗೆ.

ಈ ಒಳಮಾತಿನಲ್ಲಿ ಪತ್ರಕರ್ತರ ಪಾಲೂ ಇರುತ್ತದೆ ಎಂಬುದು 2010ರ ನವೆಂಬರ್‌ನಲ್ಲಿ ಬಯಲಾಯಿತು. ಉದ್ಯಮಗಳ ಪರ ಕೆಲಸ ಮಾಡುತ್ತಿದ್ದ ನೀರಾ ರಾಡಿಯಾ ಅವರ ಫೋನು ಮಾತುಗಳನ್ನು ಆದಾಯ ತೆರಿಗೆ ಇಲಾಖೆ ದಾಖಲಿಸಿತ್ತು. ಅವು ‘ಓಪನ್’ ಮತ್ತು ‘ಔಟ್‌ಲುಕ್’ ಪತ್ರಿಕೆಗಳಲ್ಲಿ ಅಚ್ಚಾದವು. 2009ರ ಸಂಪುಟದಲ್ಲಿ ಯಾರಿಗೆ ಯಾವ ಖಾತೆ ಎಂಬ ಚರ್ಚೆಯಲ್ಲಿ ಹೆಸರಾಂತ ಪತ್ರಕರ್ತರ ದನಿಗಳೂ ಕೇಳಿದವು. ಸುದ್ದಿ ಬರೆಯಬೇಕಾದವರೇ ಸುದ್ದಿಯಾದರು.

ಕೊರಟಗೆರೆಯ ನಂಬರು

ಆಮೇಲೆ ಯಂತ್ರ ಇನ್ನೂ ಚಿಕ್ಕದಾಯಿತು, ಕಿವಿ ಇನ್ನೂ ದೊಡ್ಡದಾಯಿತು. 2019ರ ಫೆಬ್ರವರಿ 8, ರಾಜ್ಯ ಬಜೆಟ್ಟಿನ ದಿನ. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರು ಪತ್ರಕರ್ತರ ಮುಂದೆ ಧ್ವನಿಮುದ್ರಿಕೆಯೊಂದನ್ನು ಬಿಡುಗಡೆ ಮಾಡಿದರು. ಗುರುಮಠಕಲ್ ಶಾಸಕರ ಮಗನ ಜೊತೆ ಬಿ.ಎಸ್. ಯಡಿಯೂರಪ್ಪನವರು ಮಾತಾಡಿದ್ದೆಂದು ಹೇಳಲಾದ ಮುದ್ರಿಕೆ ಅದು. ಮೊದಲು ನಕಲಿ ಎಂದ ಯಡಿಯೂರಪ್ಪನವರು, ಎರಡು ದಿನದಲ್ಲಿ ಭೇಟಿ ನಡೆದದ್ದನ್ನು ಒಪ್ಪಿಕೊಂಡರು. ಜುಲೈನಲ್ಲಿ ಸರ್ಕಾರ ಬಿತ್ತು. ಆಗಸ್ಟ್‌ನಲ್ಲಿ, ಹಿಂದಿನ ಸರ್ಕಾರದ ಅವಧಿಯಲ್ಲಿ ಫೋನ್ ಕದ್ದಾಲಿಕೆ ನಡೆದಿತ್ತೆಂಬ ಆರೋಪದ ತನಿಖೆಯನ್ನು ಹೊಸ ಮುಖ್ಯಮಂತ್ರಿ ಯಡಿಯೂರಪ್ಪನವರು ಸಿಬಿಐಗೆ ಒಪ್ಪಿಸಿದರು. ಕುಮಾರಸ್ವಾಮಿಯವರು ಆರೋಪವನ್ನು ತಳ್ಳಿಹಾಕಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2021ರ ಜುಲೈನಲ್ಲಿ ‘ದಿ ವೈರ್’ ಪ್ರಕಟಿಸಿದ ವರದಿಯೊಂದು ಪಾವಗಡದ ಜಿಲ್ಲೆಯದೇ ಇನ್ನೊಂದು ತಾಲ್ಲೂಕಿನ ಬಾಗಿಲನ್ನೇ ತಟ್ಟಿತು. ಇಸ್ರೇಲಿನ ಎನ್‌ಎಸ್‌ಒ ಕಂಪೆನಿಯ ‘ಪೆಗಾಸಸ್’ ಎಂಬ ಗೂಢಚರ ತಂತ್ರಾಂಶಕ್ಕೆ ಗುರಿಯಾಗಬಹುದಾಗಿದ್ದ ನಂಬರುಗಳ ಪಟ್ಟಿಯಲ್ಲಿ, 2019ರಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಕೊರಟಗೆರೆಯ ಶಾಸಕ ಡಾ. ಜಿ. ಪರಮೇಶ್ವರ ಅವರದೂ ಇತ್ತು ಎಂದಿತು ವರದಿ. ಪಟ್ಟಿಯಲ್ಲಿ ನಂಬರು ಇದ್ದ ಮಾತ್ರಕ್ಕೆ ಫೋನಿಗೆ ತಂತ್ರಾಂಶ ಹೊಕ್ಕಿತ್ತೆಂದು ಅರ್ಥವಲ್ಲ. ಕಾನೂನುಬಾಹಿರ ಕಣ್ಗಾವಲು ನಡೆದಿಲ್ಲವೆಂದು ಕೇಂದ್ರ ಸರ್ಕಾರ ಹೇಳಿತು. ಸುಪ್ರೀಂ ಕೋರ್ಟು ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯ ಸಮಿತಿ 29 ಫೋನುಗಳನ್ನು ಪರೀಕ್ಷಿಸಿತು. ಐದರಲ್ಲಿ ದುಷ್ಟ ತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎನ್ನಲು ಖಚಿತ ಪುರಾವೆ ಸಿಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲವೆಂದು ಸಮಿತಿ ಹೇಳಿದ್ದನ್ನು 2022ರ ಆಗಸ್ಟ್‌ನಲ್ಲಿ ಕೋರ್ಟು ತಿಳಿಸಿತು. ಅತ್ತ ಅಮೆರಿಕದಲ್ಲಿ ವಾಟ್ಸ್‌ಆಪ್ ಹೂಡಿದ ದಾವೆಯಲ್ಲಿ, ಕ್ಯಾಲಿಫೋರ್ನಿಯಾದ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ಎನ್‌ಎಸ್‌ಒ ಕಂಪೆನಿಯನ್ನು ಹೊಣೆಗಾರನೆಂದಿತು.

ಪರಮೇಶ್ವರ ಅವರು 2023ರಲ್ಲಿ ರಾಜ್ಯದ ಗೃಹ ಸಚಿವರಾದರು. ಎರಡು ವರ್ಷ ಕಳೆಯುವಷ್ಟರಲ್ಲಿ, 2025ರ ಮಾರ್ಚ್ 20ರಂದು, ಪಕ್ಕದ ಮಧುಗಿರಿಯ ಶಾಸಕ, ಸಹಕಾರ ಸಚಿವ ಕೆ.ಎನ್. ರಾಜಣ್ಣ ವಿಧಾನಸಭೆಯಲ್ಲಿ ಎದ್ದುನಿಂತು, ತಮ್ಮನ್ನು ಮೋಹದ ಬಲೆಗೆ ಕೆಡವುವ ಯತ್ನ ನಡೆಯಿತೆಂದರು. ಪಕ್ಷಭೇದವಿಲ್ಲದೆ 48 ಮಂದಿಯ ಸಿಡಿ, ಪೆನ್‌ಡ್ರೈವ್‌ಗಳಿವೆ ಎಂದೂ ಹೇಳಿದರು. ತನಿಖೆಯ ಭರವಸೆ ಕೊಟ್ಟವರು ಕೊರಟಗೆರೆಯ ಗೃಹ ಸಚಿವರೇ. ಆಗಸ್ಟ್ 11ರಂದು ರಾಜಣ್ಣ ಸಂಪುಟದಿಂದ ಹೊರಬಿದ್ದರು; ಕಾರಣವಾದದ್ದು ಮತದಾರರ ಪಟ್ಟಿಯ ಬಗ್ಗೆ ಅವರು ಬಹಿರಂಗವಾಗಿ ಆಡಿದ ಮಾತು. ಮುಚ್ಚಿದ ಬಾಗಿಲ ಹಿಂದೆ ಆಡಿದ ಮಾತಿಗೆ ಕುರ್ಚಿ ಹೋಗುವುದು ಅಪರೂಪ, ಬಯಲಲ್ಲಿ ಆಡಿದರೆ ತಡವಿಲ್ಲ.

ಇಷ್ಟೆಲ್ಲ ಸೋರಿಕೆಯಲ್ಲಿ ಜನರ ಕಿವಿಗೆ ಬಿದ್ದದ್ದು ಏನು? ಯಾರನ್ನು ಎಳೆಯುವುದು, ಯಾರನ್ನು ಇಳಿಸುವುದು, ಯಾರಿಗೆ ಯಾವ ಖಾತೆ. ಫ್ಲೋರೈಡ್ ಬೆರೆತ ಕೊಳವೆ ಬಾವಿಯ ನೀರು ಕುಡಿದು ಹಲ್ಲು ಕಂದಿದ, ಮೂಳೆ ಬಾಗಿದ ಪಾವಗಡದ ಜನರ ಸುದ್ದಿ ಆ ಟೇಪುಗಳಲ್ಲಿ ಕೇಳಿಸಲಿಲ್ಲ.

ಹತ್ತು ರೂಪಾಯಿಯ ಬಾಗಿಲು

ಪಾವಗಡಕ್ಕೆ ‘ಪವರ್’ ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು ಹರಡಿವೆ. 2018ರ ಮಾರ್ಚ್ 1ರಂದು ಉದ್ಘಾಟನೆಯಾದ ‘ಶಕ್ತಿ ಸ್ಥಳ’ 2019ರ ಕೊನೆಯ ಹೊತ್ತಿಗೆ 2,050 ಮೆಗಾವಾಟ್‌ಗೆ ತಲುಪಿತು. ರೈತರು ಜಮೀನು ಮಾರಲಿಲ್ಲ. ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಆರಂಭವಾದ ಗುತ್ತಿಗೆಗೆ ಕೊಟ್ಟರು. ಬರದ ನಾಡಿಗೆ ಅದು ಆಸರೆಯೇ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ನೆಲವಿಲ್ಲದವರಿಗೆ ಗುತ್ತಿಗೆಯ ಹಣವಿಲ್ಲ. ಅವರ ವಿಷಯ ಯಾವ ಸಭೆಯಲ್ಲಿ ಬಂತು? ಯಾರು ಏನೆಂದರು?

ಇದನ್ನು ತಿಳಿಯಲು ಫೋನು ಕದ್ದು ಕೇಳಬೇಕಿಲ್ಲ. ದೇಶಕ್ಕೆಲ್ಲ ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಕರ್ನಾಟಕ ತನ್ನದೇ ಕಾಯ್ದೆಯನ್ನು 2000ದಲ್ಲೇ ಮಾಡಿಕೊಂಡಿತ್ತು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ಅಧಿಕಾರಿಗಳು ಕಡತದ ಅಂಚಿನಲ್ಲಿ ಬರೆಯುವ ಟಿಪ್ಪಣಿ ಎಂದರೆ ಕಾಗದದ ಮೇಲಿನ ಒಳಮಾತೇ. 2006ರಲ್ಲಿ ಈ ಟಿಪ್ಪಣಿಗಳನ್ನು ಕಾಯ್ದೆಯಿಂದ ಹೊರಗಿಡಲು ಕೇಂದ್ರ ಸಂಪುಟ ಹೊರಟಾಗ, ಜನ ಬೀದಿಗಿಳಿದು ಅದನ್ನು ನಿಲ್ಲಿಸಿದರು. ಸಚಿವ ಸಂಪುಟದ ಚರ್ಚೆಗೆ ರಕ್ಷಣೆಯಿದೆ, ನಿಜ. ಆದರೆ ತೀರ್ಮಾನವಾಗಿ ವಿಷಯ ಮುಗಿದ ಮೇಲೆ ಅದರ ಕಾರಣಗಳನ್ನು ಬಹಿರಂಗಪಡಿಸಬೇಕೆಂದು ಕಾಯ್ದೆಯ ಎಂಟನೇ ಕಲಮೇ ಹೇಳುತ್ತದೆ.

ಕದ್ದು ಕೇಳಿದ ಮಾತು, ಕೇಳಿದವನ ಕೈಯ ಆಯುಧವಾಗುತ್ತದೆ. ಅದು ಹೊರಬೀಳುವುದು ಅವನಿಗೆ ಬೇಕಾದಾಗ, ಅವನಿಗೆ ಬೇಕಾದಷ್ಟು. ಅರ್ಜಿ ಹಾಕಿ ಪಡೆದ ಕಡತ ಹಾಗಲ್ಲ. ಅದು ಊರಿನ ಆಸ್ತಿ. ಪಾವಗಡದ ಹೋಟೆಲಿನ ಬೆಂಚಿನ ಮೇಲೆ ಮುಂದಿನ ಶನಿವಾರವೂ ‘ಒಳಗಿನ ಸುದ್ದಿ ಏನಂತೆ?’ ಎಂಬ ಪ್ರಶ್ನೆ ಏಳುತ್ತದೆ. ಅದನ್ನು ಬಿಳಿ ಹಾಳೆಯ ಮೇಲೆ ಬರೆದು, ಹತ್ತು ರೂಪಾಯಿ ಸೇರಿಸಿ ಕಚೇರಿಗೆ ಕೊಟ್ಟರೆ, ಉತ್ತರ ಕೊಡುವ ಹೊಣೆ ಒಳಗಿನವರದಾಗುತ್ತದೆ.