ಡಿಎಲ್ ಇದ್ದರೆ ಸಾಕಾ? ಮಣ್ಣಿನ ಟ್ರ್ಯಾಕ್‌ಗೆ ಇಳಿಯೋ ಮುನ್ನ ಇದನ್ನು ಓದಿ

"ಮಾಮ, ಹದಿನೆಂಟು ಅಂತ ಬರೆದುಬಿಡಿ. ಯಾರಿಗೆ ಗೊತ್ತಾಗುತ್ತೆ?"

ಅಕ್ಕನ ಮಗ ಹೀಗೆ ಪಿಸುಗುಟ್ಟಿದಾಗ ನಾವಿಬ್ಬರೂ ಚಿಕ್ಕಮಗಳೂರು ಕಡೆಯ ಒಂದು ಆಟೋಕ್ರಾಸ್ ಸ್ಪರ್ಧೆಯ ನೋಂದಣಿ ಮೇಜಿನ ಮುಂದೆ ನಿಂತಿದ್ವಿ. ಬೆಳಗಿನ ಜಾವ ನಾಲ್ಕಕ್ಕೇ ಬೆಂಗಳೂರು ಬಿಟ್ಟಿದ್ವಿ. ಅವನಿಗೆ ಹದಿನೇಳು ವರ್ಷ, ಗೋ-ಕಾರ್ಟಿಂಗ್‌ನಲ್ಲಿ ಪಳಗಿದ ಕೈ. ನನ್ನ ಜೇಬಲ್ಲಿ ಹತ್ತು ವರ್ಷದ ಹಳೇ ಡಿಎಲ್. ಇಬ್ಬರೂ ಒಂದೊಂದು ಸುತ್ತು ಓಡಿಸೋಣ ಅನ್ನೋ ಹುಮ್ಮಸ್ಸು.

ಮೇಜಿನ ಹಿಂದಿದ್ದ ಹಿರಿಯರಿಗೆ ಅದು ಕೇಳಿಸಿತು. ಬೈಯಲಿಲ್ಲ. "ಏನೂ ಆಗದಿದ್ರೆ ಯಾರಿಗೂ ಗೊತ್ತಾಗಲ್ಲಪ್ಪ. ಏನಾದ್ರೂ ಆದ್ರೆ ಮೊದಲು ತೆಗೆದು ನೋಡೋದು ಇದೇ ಫಾರಂ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಸರ್, ನಿಮ್ಮ ಕಾಂಪಿಟಿಷನ್ ಲೈಸೆನ್ಸ್?" ಎಂದು ಕೇಳಿದರು. ನಾನು ಡಿಎಲ್ ಕೊಟ್ಟೆ. ಅವರು ನಕ್ಕರು.

ಆವತ್ತು ನಾವಿಬ್ಬರೂ ಹಗ್ಗದ ಈಚೆಯೇ ಉಳಿದ್ವಿ.

ಎರಡು ಲೈಸೆನ್ಸ್, ಎರಡು ಕೆಲಸ

ಡಿಎಲ್ ಕೊಡೋದು ಆರ್‌ಟಿಒ. ರಸ್ತೆಯಲ್ಲಿ ಓಡಿಸೋಕೆ ಅದು. ಸ್ಪರ್ಧೆಯ ಲೈಸೆನ್ಸ್ ಕೊಡೋದು ಎಫ್‌ಎಂಎಸ್‌ಸಿಐ, ಅಂದರೆ ದೇಶದ ಮೋಟಾರ್ ಕ್ರೀಡೆಗಳನ್ನು ನಡೆಸುವ ಒಕ್ಕೂಟ. ಒಂದಿದ್ದರೆ ಇನ್ನೊಂದು ಇದ್ದ ಹಾಗಲ್ಲ.

ಇದಕ್ಕೆ ದೊಡ್ಡ ಉದಾಹರಣೆ ಮ್ಯಾಕ್ಸ್ ವರ್ಸ್ಟಾಪನ್. 2015ರಲ್ಲಿ ಫಾರ್ಮುಲಾ ಒನ್‌ಗೆ ಬಂದಾಗ ಅವರಿಗೆ 17 ವರ್ಷ. ರೇಸ್ ಕಾರು ಓಡಿಸಲು ಲೈಸೆನ್ಸ್ ಇತ್ತು, ರಸ್ತೆಯಲ್ಲಿ ಕಾರು ಓಡಿಸಲು ಇರಲಿಲ್ಲ! ಅವರು ಬಂದ ಮೇಲೆ ವಿಶ್ವ ಸಂಸ್ಥೆ ಎಫ್‌ಐಎ ನಿಯಮ ಬಿಗಿ ಮಾಡಿ, 2016ರಿಂದ 18 ವರ್ಷ ಮತ್ತು ಡಿಎಲ್ ಎರಡನ್ನೂ ಕಡ್ಡಾಯ ಮಾಡಿತು.

ವಿಮೆ ಅನ್ನೋ ದೊಡ್ಡ ಗುಂಡಿ

ನನ್ನನ್ನು ನಿಜಕ್ಕೂ ಬೆಚ್ಚಿಬೀಳಿಸಿದ್ದು ಇದು. ನಿಮ್ಮ ಕಾರಿನ ಪಾಲಿಸಿ ತೆಗೆದು 'ಬಳಕೆಯ ಮಿತಿ' ಅನ್ನೋ ಭಾಗ ಓದಿ. ಸಂಘಟಿತ ರೇಸ್, ವೇಗ ಪರೀಕ್ಷೆಗೆ ರಕ್ಷಣೆ ಇಲ್ಲ ಅಂತ ಅಲ್ಲೇ ಇರುತ್ತೆ. ಟ್ರ್ಯಾಕ್‌ನಲ್ಲಿ ಕಾರು ಮಗುಚಿದರೆ ಖರ್ಚೆಲ್ಲ ನಿಮ್ಮದೇ. ಇಎಂಐ ಕಟ್ಟುತ್ತಿರುವ ಕಾರಾದರೆ ಎರಡು ಸಲ ಯೋಚಿಸಿ. ನಿಮ್ಮ ಅಪಘಾತ ವಿಮೆ, ಟರ್ಮ್ ಪಾಲಿಸಿಗಳಲ್ಲೂ ಸಾಹಸ ಕ್ರೀಡೆಯ ಬಗ್ಗೆ ಏನಿದೆ ನೋಡಿಕೊಳ್ಳಿ.

"ಟ್ರ್ಯಾಕ್‌ವರೆಗೆ ಹುಡುಗನೇ ಓಡಿಸಿಕೊಂಡು ಬರಲಿ" ಅನ್ನೋ ಸಲಿಗೆಯೂ ಬೇಡ. 2019ರ ತಿದ್ದುಪಡಿ ಪ್ರಕಾರ ಅಪ್ರಾಪ್ತರು ರಸ್ತೆಯಲ್ಲಿ ಕಾರು ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಡಿಎಲ್ ಇಲ್ಲ.

ದುಡ್ಡು ಕಟ್ಟೋ ಮುಂಚೆ ಕೇಳಿ

ಪ್ರತಿ ಸ್ಪರ್ಧೆಗೂ ಅದರದೇ ನಿಯಮಾವಳಿ ಇರುತ್ತೆ. ಪ್ರವೇಶ ಶುಲ್ಕ ಕಟ್ಟುವ ಮೊದಲೇ ಅದನ್ನು ತರಿಸಿಕೊಂಡು ಇಷ್ಟನ್ನು ಕೇಳಿ:

– ನನ್ನ ವಿಭಾಗಕ್ಕೆ ಕನಿಷ್ಠ ವಯಸ್ಸೆಷ್ಟು? ಡಿಎಲ್ ಕೂಡ ಬೇಕಾ?
– ಯಾವ ದರ್ಜೆಯ ಕಾಂಪಿಟಿಷನ್ ಲೈಸೆನ್ಸ್ ಬೇಕು? ಅರ್ಜಿ ಹಾಕಿದ ಮೇಲೆ ಎಷ್ಟು ದಿನ ಹಿಡಿಯುತ್ತೆ?
– ವೈದ್ಯರ ಪ್ರಮಾಣಪತ್ರ, ಅಪ್ಪ-ಅಮ್ಮನ ಒಪ್ಪಿಗೆ ಪತ್ರ ಬೇಕಾ?
– ಕಾರು ಬೇರೆಯವರ ಹೆಸರಲ್ಲಿದ್ದರೆ ನಡೆಯುತ್ತಾ?
– ಎಂಥ ಹೆಲ್ಮೆಟ್ ಒಪ್ಪುತ್ತೀರಿ?

ಉತ್ತರ ಫೋನಿನಲ್ಲಿ ಬೇಡ, ಬರಹದಲ್ಲಿ ತೆಗೆದುಕೊಳ್ಳಿ. ಬೆಳಗ್ಗೆ ಮೇಜಿನ ಮುಂದೆ ವಾದ ಮಾಡೋ ಕಷ್ಟ ತಪ್ಪುತ್ತೆ.

ಸಂಜೆ ವಾಪಸ್ ಬರುವಾಗ ಹುಡುಗ ಹಾಸನದವರೆಗೂ ಮಾತಾಡಲಿಲ್ಲ. ಕಾಫಿಗೆ ನಿಲ್ಲಿಸಿದಾಗ ಒಂದೇ ಪ್ರಶ್ನೆ: "ಮಾಮ, ಮಧ್ಯಾಹ್ನ ಒಂದು ಕಾರು ಪಲ್ಟಿ ಹೊಡೀತಲ್ಲ, ಅದರಲ್ಲಿ ನಾನಿದ್ದಿದ್ರೆ ಅಮ್ಮನಿಗೆ ಏನಂತ ಹೇಳ್ತಿದ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದು ಆ ಹಿರಿಯರು ತಡೆದಿದ್ದು ಅವನೊಬ್ಬನನ್ನೇ ಅಲ್ಲ. ಪೆನ್ನು ಅದಾಗಲೇ ನನ್ನ ಕೈಯಲ್ಲಿತ್ತು.