ಇದು ಕನ್ನಡ ಮೇಲ್ ಅಂತ ಸ್ಕ್ರೀನ್ ರೀಡರ್‌ಗೆ ಹೇಳೋದು ಹೇಗೆ?

ಪುಣೆ, ಹೈದರಾಬಾದ್, ದೆಹಲಿ, ನೀವು ಎಲ್ಲೇ ಇರಿ, ಕನ್ನಡ ಸಂಘದ ರಾಜ್ಯೋತ್ಸವದ ಆಹ್ವಾನ ಈಗ ಇಮೇಲ್‌ನಲ್ಲೂ ಬರತ್ತೆ. ಕಣ್ಣು ಕಾಣದ ಸದಸ್ಯರು ಅದನ್ನ ಸ್ಕ್ರೀನ್ ರೀಡರ್ ಮೂಲಕ ಕೇಳ್ತಾರೆ. ಯಾವ ಭಾಷೆಯ ಧ್ವನಿಯಲ್ಲಿ ಓದಬೇಕು ಅಂತ ಆ ಸಾಫ್ಟ್‌ವೇರ್‌ಗೆ ತಿಳಿಸಬೇಕಾದವರು ಮೇಲ್ ಕಳಿಸೋ ನಾವು.

ಎಚ್‌ಟಿಎಂಎಲ್‌ನಲ್ಲಿ ಇದಕ್ಕೆ ‘ಲ್ಯಾಂಗ್’ ಅನ್ನೋ ಆಟ್ರಿಬ್ಯೂಟ್ ಇದೆ. ಕನ್ನಡಕ್ಕೆ ಅದರ ವ್ಯಾಲ್ಯೂ ‘ಕೆಎನ್’, ಇಂಗ್ಲಿಷ್‌ಗೆ ‘ಇಎನ್’. ನಾವು ಕಾಪಿ ಮಾಡೋ ಟೆಂಪ್ಲೇಟ್‌ಗಳಲ್ಲಿ ಸಾಮಾನ್ಯವಾಗಿ ‘ಇಎನ್’ ಇರತ್ತೆ. ಒಳಗೆ ಕನ್ನಡ ತುಂಬ್ತೀವಿ, ಲೇಬಲ್ ಹಾಗೇ ಬಿಡ್ತೀವಿ. ಆಗ ರೀಡರ್ ಇಂಗ್ಲಿಷ್ ಧ್ವನಿ ಆರಿಸಿಕೊಂಡು, ಆ ಧ್ವನಿಗೆ ಕನ್ನಡ ಅಕ್ಷರ ಬರದಿದ್ರೆ, ಆಹ್ವಾನ ಪೂರ್ತಿ ಮೌನ ಆಗಬಹುದು.

ಲಿಪಿ ನೋಡಿ ಅದೇ ತಿಳ್ಕೊಳ್ಳಲಿ ಅಂತೀರಾ? ಮರಾಠಿ, ಹಿಂದಿ ಎರಡಕ್ಕೂ ದೇವನಾಗರಿಯೇ. ಆದ್ರೆ ಮರಾಠಿಯ ‘ಚಾಂಗಲಾ’ದಲ್ಲಿರೋ ‘ಚ’ ಸ್ವಲ್ಪ ‘ತ್ಸ’ ಥರ ಕೇಳಬೇಕು. ಹಿಂದಿ ಧ್ವನಿಗೆ ಅದು ಗೊತ್ತಿಲ್ಲ. ನಮ್ಮ ಲಿಪಿಯಲ್ಲೂ ತುಳು, ಕೊಂಕಣಿ ಬರೀತಾರೆ. ಇನ್ನು 10 ಅನ್ನೋ ಅಂಕಿಯನ್ನ ‘ಹತ್ತು’ ಅನ್ನಬೇಕೋ ‘ಟೆನ್’ ಅನ್ನಬೇಕೋ? ಅಂಕಿ ನೋಡಿದ್ರೆ ಗೊತ್ತಾಗಲ್ಲ.

ಮಾಡಬೇಕಾದ್ದು ಇಷ್ಟೇ. ಮೇಲ್‌ನ ಮುಖ್ಯ ಟ್ಯಾಗ್‌ನಲ್ಲಿ ‘ಕೆಎನ್’ ಹಾಕಿ. ಕೆಲವು ಮೇಲ್ ಆ್ಯಪ್‌ಗಳು ಹೊರಗಿನ ಟ್ಯಾಗನ್ನ ಕಿತ್ತುಹಾಕ್ತವೆ, ಅದಕ್ಕೆ ಒಳಗಿನ ಡಿವ್‌ಗೂ ಹಾಕಿ. ಮಧ್ಯೆ ಇಂಗ್ಲಿಷ್ ಪ್ಯಾರಾ ಇದ್ರೆ ಅಷ್ಟಕ್ಕೆ ಮಾತ್ರ ‘ಇಎನ್’. 2008ರ ಡಬ್ಲ್ಯುಸಿಎಜಿ 2.0 ವೆಬ್ ಪುಟಗಳಿಗೆ ಕೇಳೋದೂ ಇದನ್ನೇ: ಪುಟದ ಭಾಷೆ ಗುರುತಿಸೋದು ‘ಎ’ ಹಂತ, ಭಾಗಗಳ ಭಾಷೆ ಗುರುತಿಸೋದು ‘ಡಬಲ್ ಎ’. ಬರೀ ಪ್ಲೇನ್ ಟೆಕ್ಸ್ಟ್ ಮೇಲ್‌ನಲ್ಲಿ ಹೀಗೆ ಭಾಗಕ್ಕೊಂದು ಗುರುತು ಹಾಕೋಕೆ ಜಾಗವೇ ಇಲ್ಲ.

ಕೋಡ್ ಬರೆಯದವರೂ ಒಂದು ಕೆಲಸ ಮಾಡಬಹುದು: ಕನ್ನಡವನ್ನ ಕನ್ನಡ ಲಿಪಿಯಲ್ಲೇ ಟೈಪ್ ಮಾಡಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ‘ಮನೆ’ಯನ್ನ ಇಂಗ್ಲಿಷ್ ಧ್ವನಿ ‘ಮೇನ್’ ಅಂತ ಓದತ್ತೆ, ‘ಬಳೆ’ ಹೋಗಿ ‘ಬೇಲ್’ ಆಗತ್ತೆ. ಇಲ್ಲಿ ‘ಕೆಎನ್’ ಲೇಬಲ್ ಹಾಕಿದ್ರೂ ಹೆಚ್ಚು ಉಪಯೋಗ ಇಲ್ಲ, ಕನ್ನಡ ಧ್ವನಿಗಳನ್ನ ಮಾಡಿರೋದು ಕನ್ನಡ ಲಿಪಿ ಓದೋಕೆ.

ಪರೀಕ್ಷೆ ಮಾಡೋಕೆ ಖರ್ಚಿಲ್ಲ. ವಿಂಡೋಸ್‌ಗೆ ಎನ್‌ವಿಡಿಎ ಉಚಿತ, ಅದರ ಜೊತೆಗೇ ಬರೋ ಈಸ್ಪೀಕ್ ಎನ್‌ಜಿಯಲ್ಲಿ ಕನ್ನಡ ಇದೆ. ಧ್ವನಿ ಸ್ವಲ್ಪ ಯಂತ್ರದ ಥರ ಇರತ್ತೆ, ಆದ್ರೆ ಮಾತು ತಿಳಿಯತ್ತೆ. ಮುಂದಿನ ಆಹ್ವಾನ ಕಳಿಸೋ ಮೊದಲು ಒಂದ್ಸಲ ಪರದೆ ಆಫ್ ಮಾಡಿ ಕೇಳಿ. ಕಾರ್ಯಕ್ರಮದ ದಿನ, ಜಾಗ, ಹೊತ್ತು ಮೂರೂ ಗೊತ್ತಾದ್ರೆ ಧಾರಾಳವಾಗಿ ಕಳಿಸಿ.